ಕರೆಂಟ್ ಬಿಲ್ಲು, ಕಬ್ಬಿನ ದುಡ್ಡು: ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಬಡವರ ಬಿಲ್ ರಿಯಾಯಿತಿ

ಕಡಿಮೆ ಆದಾಯದ ಮನೆಗಳಿಗೆ ವಿದ್ಯುತ್ ಮತ್ತು ನೀರಿನ ಬಿಲ್ಲಿನಲ್ಲಿ ಸಿಗುವ ಅನುಕೂಲ ಎರಡು ಬಗೆಯದು. ಕಟ್ಟಬೇಕಾದ ಮೊತ್ತವನ್ನು ಇಳಿಸುವುದು ಅಥವಾ ಪೂರ್ತಿ ಮನ್ನಾ ಮಾಡುವುದು ಒಂದು ಬಗೆ. ಮೊತ್ತ ಅಷ್ಟೇ ಇದ್ದರೂ ಕಟ್ಟುವ ಕಾಲವನ್ನು ಸಡಿಲಿಸುವುದು, ಅಂದರೆ ಗಡುವು ಮುಂದೂಡುವುದು, ಬಾಕಿಯನ್ನು ಕಂತು ಮಾಡಿಕೊಡುವುದು, ಬಡ್ಡಿ ಬಿಡುವುದು, ಫ್ಯೂಸ್ ಕೀಳದೆ ಕಾಯುವುದು, ಇದು ಇನ್ನೊಂದು ಬಗೆ. ಕರ್ನಾಟಕ ಮೊದಲನೆಯ ದಾರಿಯಲ್ಲಿ ಬಹುದೂರ ಸಾಗಿದೆ. 1979-80ರ ಒಂದೇ ಬಲ್ಬಿನ ಭಾಗ್ಯಜ್ಯೋತಿಯಿಂದ 2023ರ 200 ಯೂನಿಟ್ಟಿನ ಗೃಹಜ್ಯೋತಿಯವರೆಗೆ ರಿಯಾಯಿತಿ ಬೆಳೆಯುತ್ತಲೇ ಬಂದಿದೆ. ಎರಡನೆಯ ದಾರಿಯಲ್ಲಿ ಮಾತ್ರ ಬರಹದಲ್ಲಿರುವುದು ಕಡಿಮೆ, ಅಧಿಕಾರಿಯ ಮನಸ್ಸಿಗೆ ಬಿಟ್ಟದ್ದು ಹೆಚ್ಚು. ಈ ಅಂತರ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಆದಾಯ ತಿಂಗಳ ಲೆಕ್ಕದಲ್ಲಿ ಬಾರದ ಊರುಗಳಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿ ಅಂಥ ಊರುಗಳು.

ಬಿಲ್ಲು ಪ್ರತಿ ತಿಂಗಳೂ ಬರುತ್ತದೆ. ಕಬ್ಬಿನ ದುಡ್ಡು ಹಾಗೆ ಬರುವುದಿಲ್ಲ. ನಾಟಿಯಿಂದ ಕಟಾವಿಗೆ ಸುಮಾರು ಒಂದು ವರ್ಷ. ಕಟಾವಾದ ಕಬ್ಬು ಕಾರ್ಖಾನೆ ಸೇರಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಾಕಿ ಹಣಕ್ಕಾಗಿ ರೈತರು ಹೆದ್ದಾರಿಗೆ ಇಳಿಯುವುದು ಮಂಡ್ಯ ಜಿಲ್ಲೆಗೆ ಹೊಸದೇನಲ್ಲ. ರೇಷ್ಮೆ ಸಾಕುವ ಮನೆಗೆ ದುಡ್ಡು ಬರುವುದು ಗೂಡು ಹರಾಜಾದ ದಿನ. ಅದೂ ಅಂದಿನ ದರ ನಿಂತಂತೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಿಗೆ ನೀರು ತಲುಪದ ವರ್ಷ ಬೆಳೆಯೂ ಇಲ್ಲ, ಕೂಲಿಯೂ ಇಲ್ಲ. ತಿಂಗಳಿಗೊಮ್ಮೆ ಖಚಿತವಾಗಿ ಸಂಬಳ ಬರುವುದು ಸರ್ಕಾರಿ ನೌಕರರ ಮನೆಗೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಮನೆಗೆ ಮತ್ತು ಅಂಥ ಇನ್ನು ಕೆಲವರಿಗೆ ಮಾತ್ರ. ಉಳಿದವರ ಕೈಯಲ್ಲಿ ಒಂದು ತಿಂಗಳು ಹಣ ಓಡಾಡುತ್ತದೆ, ಮೂರು ತಿಂಗಳು ಓಡಾಡುವುದಿಲ್ಲ. ಬಡತನವನ್ನು ವರ್ಷದ ಒಟ್ಟು ಆದಾಯದಿಂದ ಅಳೆಯುವ ಬಿಪಿಎಲ್ ಕಾರ್ಡು ಈ ಏರಿಳಿತವನ್ನು ತೋರಿಸುವುದಿಲ್ಲ.

ವಿದ್ಯುತ್ತಿನ ಚರಿತ್ರೆಯಲ್ಲಿ ಈ ಸೀಮೆಗೆ ದೊಡ್ಡ ಹೆಸರಿದೆ. ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ, ಶಿವನಸಮುದ್ರದಲ್ಲಿ ಕಾವೇರಿ ಧುಮುಕುವಲ್ಲಿ, 1902ರಲ್ಲಿ ಜಲವಿದ್ಯುತ್ ಕೇಂದ್ರ ಶುರುವಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರ ಉಸ್ತುವಾರಿ. ಅಲ್ಲಿಂದ ಹೊರಟ ತಂತಿ ಸುಮಾರು 147 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ, 1908ರಲ್ಲಿ ಮೈಸೂರಿಗೆ ಬೆಳಕು ಹೋಯಿತು. 1940ರಲ್ಲಿ ಅದೇ ತಾಲ್ಲೂಕಿನಲ್ಲಿ ಶಿಂಷಾ ವಿದ್ಯುತ್ ಕೇಂದ್ರವೂ ಸೇರಿಕೊಂಡಿತು. ಗಣಿಯ ಕಂಪನಿ ಮೊದಲ ಗ್ರಾಹಕ, ನಗರ ಎರಡನೆಯದು. ವಿದ್ಯುತ್ತು ಹುಟ್ಟಿದ ತಾಲ್ಲೂಕಿನ ಕೂಲಿಕಾರರ ಗುಡಿಸಲಿನ ಸರದಿ ಬರುವ ಹೊತ್ತಿಗೆ ಏಳೆಂಟು ದಶಕ ಕಳೆದಿತ್ತು. ಬಡವರ ಬಿಲ್ಲಿನ ಮಾತು ಬಂದಾಗ ಈ ಸಾಲು ನೆನಪಿನಲ್ಲಿರಬೇಕು. ಈ ಜನಕ್ಕೆ ಸಿಕ್ಕಿರುವ ರಿಯಾಯಿತಿಯನ್ನು ಔದಾರ್ಯವೆಂದು ಮಾತ್ರ ನೋಡುವವರು ಅದನ್ನು ಮರೆತಿರುತ್ತಾರೆ.

ಆ ಸರದಿ ಬಂದದ್ದು ಭಾಗ್ಯಜ್ಯೋತಿಯ ರೂಪದಲ್ಲಿ. 1979-80ರಲ್ಲಿ ರಾಜ್ಯ ಆರಂಭಿಸಿದ ಈ ಯೋಜನೆಯಲ್ಲಿ ಬಡವರ ಮನೆಗೆ ಒಂದು 40 ವಾಟ್ ಬಲ್ಬಿನ ಸಂಪರ್ಕ ಉಚಿತವಾಗಿ ಸಿಕ್ಕಿತು. 1988-89ರಲ್ಲಿ ಕೇಂದ್ರ ಸರ್ಕಾರದ ಕುಟೀರಜ್ಯೋತಿ ಅದಕ್ಕೆ ಜೊತೆಯಾಯಿತು. ಕಚೇರಿಯ ಕಡತಗಳಲ್ಲಿ ಇಂದಿಗೂ ಇವೆರಡೂ ಬಿಜೆ, ಕೆಜೆ. ಊರಿನವರ ಬಾಯಲ್ಲಿ ಎರಡೂ ಸೇರಿ 'ಭಾಗ್ಯಜ್ಯೋತಿ ಲೈಟು'. ದಿನಕ್ಕೆ ಐದು ಗಂಟೆ ಉರಿದರೆ 40 ವಾಟಿನ ಬಲ್ಬು ತಿಂಗಳಿಗೆ 6 ಯೂನಿಟ್ ತೆಗೆದುಕೊಳ್ಳುತ್ತದೆ. ಮುಂದೆ ತಿಂಗಳಿಗೆ 18 ಯೂನಿಟ್ ಉಚಿತ ಎಂಬ ಮಿತಿ ಬಂತು, ಆಮೇಲೆ ಅದು 40 ಯೂನಿಟ್ ಆಯಿತು. 2022ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ಬಿಪಿಎಲ್ ಕುಟುಂಬಗಳಿಗೆ ಅಮೃತಜ್ಯೋತಿಯ ಹೆಸರಿನಲ್ಲಿ 75 ಯೂನಿಟ್ ಘೋಷಣೆಯಾಯಿತು.

ಮಿತಿ ದಾಟಿದರೆ ಸಾಮಾನ್ಯ ಗೃಹಬಳಕೆಯ ದರ ಬೀಳುತ್ತಿತ್ತು. ತೊಡಕು ಹುಟ್ಟಿದ್ದೇ ಇಲ್ಲಿ. ಬಲ್ಬಿಗಾಗಿ ಕೊಟ್ಟ ಸಂಪರ್ಕಕ್ಕೆ ಟಿವಿ ಬಂತು, ಮಿಕ್ಸಿ ಬಂತು, ಮಗನಿಗೆ ಮದುವೆಯಾದ ವರ್ಷ ಫ್ಯಾನ್ ಬಂತು. ಬಾಕಿ ತಿಂಗಳು ತಿಂಗಳು ಕೂಡುತ್ತ ಹೋಯಿತು. ಉಚಿತ ಎಂದು ಕೇಳಿಕೊಂಡು ಬೆಳೆದ ಮನೆಯವರಿಗೆ ಸಾವಿರಗಳ ಬಾಕಿಯ ಚೀಟಿ ಕೈಗೆ ಬಂದಾಗ ಅದು ಯಾವ ಲೆಕ್ಕ ಎಂಬುದೇ ತಿಳಿಯದು. ಉಚಿತ ಮಿತಿಯನ್ನು ಗಟ್ಟಿಯಾಗಿ ಸಾರಿದ ಸರ್ಕಾರಗಳು, ಮಿತಿ ದಾಟಿದವರು ಹೇಗೆ ಕಟ್ಟಬೇಕು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ.

ಎಷ್ಟು ಯೂನಿಟ್ ಇದ್ದರೆ ಸಾಕು? 9 ವಾಟಿನ ನಾಲ್ಕು ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ, 75 ವಾಟಿನ ಒಂದು ಫ್ಯಾನ್ ಎಂಟು ಗಂಟೆ, 60 ವಾಟಿನ ಟಿವಿ ನಾಲ್ಕು ಗಂಟೆ: ಇಷ್ಟಕ್ಕೆ ತಿಂಗಳಿಗೆ ಸುಮಾರು 30 ಯೂನಿಟ್. ಕಾಕತಾಳೀಯವೋ ಏನೋ, ಬಡತನ ರೇಖೆಯ ಕೆಳಗಿನವರಿಗೆ ವಿಶೇಷ ಬೆಂಬಲ ಕೊಡಬಹುದಾದ ಬಳಕೆಯ ಮಟ್ಟವನ್ನು ಸೂಚಿಸುವಾಗ ರಾಷ್ಟ್ರೀಯ ದರ ನೀತಿ ಹೆಸರಿಸಿದ್ದೂ 30 ಯೂನಿಟ್ಟನ್ನೇ. ಮನೆಗೆ ಒಂದು ಸಣ್ಣ ಫ್ರಿಜ್ ಬಂದರೆ ಲೆಕ್ಕ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಬಿಲ್ಲು ಕೊಡುವ ಸಂಸ್ಥೆಯೂ ಈ ಅವಧಿಯಲ್ಲಿ ಬದಲಾಯಿತು. 1957ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮಂಡಳಿ, ಅಂದರೆ ಜನರ ಕೆಇಬಿ, 1999ರ ಸುಧಾರಣಾ ಕಾಯ್ದೆಯಿಂದ ಒಡೆಯಿತು. ದರ ನಿಗದಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕೈಗೆ ಹೋಯಿತು. 2002ರಲ್ಲಿ ವಿತರಣೆಗೆ ಪ್ರತ್ಯೇಕ ಕಂಪನಿಗಳಾದವು. ಅವುಗಳಲ್ಲಿ ಒಂದಾದ ಮೆಸ್ಕಾಂನಿಂದ ಬೇರ್ಪಟ್ಟ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಮೈಸೂರಿನಲ್ಲಿ ಕೇಂದ್ರ ಕಚೇರಿಯಿಟ್ಟುಕೊಂಡು, 2005ರಿಂದ ಮಂಡ್ಯ ಸೇರಿ ಐದು ಜಿಲ್ಲೆಗಳಿಗೆ ವಿದ್ಯುತ್ ಕೊಡುತ್ತಿದೆ. ಪತ್ರಿಕೆಗಳಲ್ಲಿ ಅದು ಸೆಸ್ಕ್, ಹಳ್ಳಿಯಲ್ಲಿ ಈಗಲೂ ಕೆಇಬಿ.

ಇದೇ ಕಾಲದಲ್ಲಿ ಬಂದ ಇನ್ನೊಂದು ವ್ಯವಸ್ಥೆ ಗ್ರಾಮ ವಿದ್ಯುತ್ ಪ್ರತಿನಿಧಿ. ಗ್ರಾಮೀಣ ಯುವಕರನ್ನೇ ನೇಮಿಸಿ ಮೀಟರ್ ಓದುವುದು, ಬಿಲ್ ಹಂಚುವುದು, ಹಣ ವಸೂಲಿ ಮಾಡುವುದನ್ನು ಅವರಿಗೆ ವಹಿಸಲಾಯಿತು. ಬಾಗಿಲಿಗೆ ಬಂದವನು ಪರಿಚಯದವನಾದರೆ 'ಸೋಮವಾರ ಸಂತೆ ಆದ ಮೇಲೆ ಬಾ' ಎನ್ನಬಹುದು. ಬರೆದ ನಿಯಮ ಒದಗಿಸದ ಸಡಿಲಿಕೆಯನ್ನು ಪರಿಚಯ ಒದಗಿಸಿತು. ಆದರೆ ಪ್ರತಿನಿಧಿಯ ಪ್ರೋತ್ಸಾಹಧನ ವಸೂಲಾತಿಗೆ ಅಂಟಿಕೊಂಡಿದ್ದರಿಂದ ಅವನ ತಾಳ್ಮೆಗೂ ಮಿತಿಯಿತ್ತು. ಈಗ ಕೌಂಟರ್, ಆನ್‌ಲೈನ್ ಪಾವತಿ, ಮೊಬೈಲ್ ಆ್ಯಪ್‌ಗಳು ಬಂದಿವೆ. ಇವು ಕಟ್ಟುವುದನ್ನು ಸುಲಭ ಮಾಡಿವೆ. ಕಟ್ಟಲಾಗದವನು ಮಾತಾಡಲು ಬೇಕಾದ ಮನುಷ್ಯ ಮಾತ್ರ ಅಲ್ಲಿಲ್ಲ.

ಮಂಡ್ಯ ಜಿಲ್ಲೆಯ ವಿದ್ಯುತ್ ಬಿಲ್ಲಿನ ಕಥೆ ರೈತ ಚಳವಳಿಯನ್ನು ಬಿಟ್ಟು ಪೂರ್ಣವಾಗದು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ಇಲ್ಲಿ ಗಟ್ಟಿ ನೆಲೆ ಸಿಕ್ಕಿತು. ಪಾಂಡವಪುರದ ಕೆ.ಎಸ್. ಪುಟ್ಟಣ್ಣಯ್ಯ ಅದರ ಪ್ರಮುಖ ನಾಯಕರಲ್ಲಿ ಒಬ್ಬರಾದರು. ಬೆಳೆಗೆ ನ್ಯಾಯವಾದ ಬೆಲೆ ಕೊಡದ ಸರ್ಕಾರಕ್ಕೆ ರೈತ ಬಾಕಿದಾರನಲ್ಲ, ಸರ್ಕಾರವೇ ರೈತನಿಗೆ ಬಾಕಿದಾರ ಎಂಬುದು ಸಂಘದ ವಾದ. ಕರ ನಿರಾಕರಣೆ ಅದರ ಅಸ್ತ್ರಗಳಲ್ಲಿ ಒಂದಾಯಿತು, ವಿದ್ಯುತ್ ಬಿಲ್ಲೂ ಅದರೊಳಗೆ ಬಂತು. 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಇಂದು ವಿದ್ಯುತ್ ಉಚಿತ. ಅದರ ಹಿಂದೆ ಈ ಒತ್ತಡದ ಪಾಲೂ ಇದೆ. ಪಂಪಿನ ಮಟ್ಟಿಗೆ ರಾಜಕೀಯ ಬಲದಿಂದ ಮೊತ್ತ ಸೊನ್ನೆಯಾಯಿತು. ಸ್ವಂತ ಪಂಪ್ ಇಲ್ಲದ ಕೂಲಿಕಾರರಿಗೆ ಅಷ್ಟು ಬಲವಾದ ಸಂಘವಿರಲಿಲ್ಲ.

ಸಂಪರ್ಕವೇ ಇಲ್ಲದವರ ಬಗ್ಗೆ 2017ರ ಸೌಭಾಗ್ಯ ಯೋಜನೆ ಒಂದು ಒಳ್ಳೆಯ ಮಾದರಿ ಬಿಟ್ಟುಹೋಗಿದೆ. 2011ರ ಸಾಮಾಜಿಕ-ಆರ್ಥಿಕ ಗಣತಿಯ ಪ್ರಕಾರ ಅರ್ಹರಾದ ಬಡವರಿಗೆ ಸಂಪರ್ಕ ಪೂರ್ತಿ ಉಚಿತ. ಆ ಪಟ್ಟಿಯಿಂದ ಹೊರಗುಳಿದವರಿಗೆ 500 ರೂಪಾಯಿ, ಅದೂ ಬಿಲ್ಲಿನ ಜೊತೆಗೆ ಹತ್ತು ಕಂತುಗಳಲ್ಲಿ. ತಿಂಗಳಿಗೆ 50 ರೂಪಾಯಿಯಂತೆ. ಮೊತ್ತ ಚಿಕ್ಕದು. ಆದರೆ ಕಂತನ್ನು ಯಾರೂ ಅಂಗಲಾಚಿ ಕೇಳಬೇಕಿರಲಿಲ್ಲ, ಯೋಜನೆಯ ಬರಹದಲ್ಲೇ ಅದು ಇತ್ತು.

2023ರಲ್ಲಿ ಚಿತ್ರ ಒಮ್ಮೆಲೇ ದೊಡ್ಡದಾಯಿತು. ವಿಧಾನಸಭಾ ಚುನಾವಣೆಯ ಐದು ಗ್ಯಾರಂಟಿಗಳಲ್ಲಿ ಒಂದಾದ ಗೃಹಜ್ಯೋತಿಗೆ ಜೂನ್ 18ರಿಂದ ಸೇವಾಸಿಂಧು ಪೋರ್ಟಲ್‌ನಲ್ಲಿ ನೋಂದಣಿ ಶುರುವಾಯಿತು. ಗ್ರಾಮ ಒನ್ ಕೇಂದ್ರಗಳ ಮುಂದೆ ಆಧಾರ್ ಕಾರ್ಡು, ಹಳೆಯ ಬಿಲ್ಲು ಹಿಡಿದು ಜನ ಸಾಲುಗಟ್ಟಿದರು. ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಅಷ್ಟರವರೆಗೆ ಬಹಳ ಮಂದಿಗೆ ಬಾಯಿಪಾಠವಾಗಿರಲಿಲ್ಲ, ಆ ತಿಂಗಳು ಆಯಿತು. ಜುಲೈ ಬಳಕೆಯಿಂದ ಲಾಭ ಅನ್ವಯವಾಗಿ ಆಗಸ್ಟ್‌ನಲ್ಲಿ ಮೊದಲ ಸೊನ್ನೆ ಬಿಲ್ಲುಗಳು ಮನೆ ತಲುಪಿದವು. ಆಗಸ್ಟ್ 5ರಂದು ಕಲಬುರಗಿಯಲ್ಲಿ ಯೋಜನೆ ವಿಧ್ಯುಕ್ತವಾಗಿ ಆರಂಭವಾಯಿತು. 2024-25ರ ರಾಜ್ಯ ಬಜೆಟ್ಟಿನಲ್ಲಿ ಇದಕ್ಕೆ 9,657 ಕೋಟಿ ರೂಪಾಯಿ ಇಡಲಾಯಿತು.

ಗೃಹಜ್ಯೋತಿಯ ಲೆಕ್ಕ ಹೀಗಿದೆ. 2022-23ರಲ್ಲಿ ಮನೆಯ ಸರಾಸರಿ ಮಾಸಿಕ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಆ ಮನೆಯ ಉಚಿತ ಅರ್ಹತೆ. ಅಷ್ಟರೊಳಗೆ ಬಳಸಿದರೆ ಬಿಲ್ಲು ಸೊನ್ನೆ. ಅರ್ಹತೆ ದಾಟಿ 200ರೊಳಗೆ ಉಳಿದರೆ ದಾಟಿದಷ್ಟಕ್ಕೆ ಮಾತ್ರ ಹಣ. 200 ದಾಟಿದರೆ ಇಡೀ ಬಿಲ್ಲು ಗ್ರಾಹಕನದ್ದೇ. ಸರಾಸರಿ 60 ಯೂನಿಟ್ ಇದ್ದ ಮನೆಗೆ ಅರ್ಹತೆ 66. ಆ ಮನೆ ಒಂದು ತಿಂಗಳು 80 ಬಳಸಿದರೆ, 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದ್ದ ಯೂನಿಟ್ಟಿಗೆ 5.90 ರೂಪಾಯಿ ದರದಲ್ಲಿ, 14 ಯೂನಿಟ್ಟಿಗೆ ಸುಮಾರು 83 ರೂಪಾಯಿ. ತೆರಿಗೆ ಬೇರೆ. ಹಳೆಯ ದಾಖಲೆಯೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ಟನ್ನು ಆಧಾರವಾಗಿ ಹಿಡಿಯಲಾಯಿತು. ಭಾಗ್ಯಜ್ಯೋತಿ, ಕುಟೀರಜ್ಯೋತಿ, ಅಮೃತಜ್ಯೋತಿಗಳೂ ಇದರೊಳಗೆ ಸೇರಿಕೊಂಡವು.

ಬಾಡಿಗೆದಾರರಿಗೂ ಯೋಜನೆ ಅನ್ವಯಿಸುತ್ತದೆ, ಕರಾರುಪತ್ರವೋ ಅದೇ ವಿಳಾಸದ ಗುರುತಿನ ಚೀಟಿಯೋ ಇದ್ದರೆ. ಮಂಡ್ಯ ಪಟ್ಟಣದ ಹಳೆಯ ಬಡಾವಣೆಗಳಲ್ಲಿ ಮೂರು ನಾಲ್ಕು ಸಂಸಾರಗಳು ಒಂದೇ ಮೀಟರಿನ ಮೇಲಿರುವ ವಠಾರಗಳಿಗೆ ಇದು ಒಗ್ಗಲಿಲ್ಲ. ಎಲ್ಲರ ಬಳಕೆ ಕೂಡಿ 200 ದಾಟಿಬಿಡುತ್ತದೆ, ಅವರಲ್ಲಿ ಒಬ್ಬೊಬ್ಬರದು ಕಡಿಮೆಯೇ ಇದ್ದರೂ. ಮನೆ ಬದಲಿಸಿದವರ ಆಧಾರ್ ಹಳೆಯ ಆರ್‌ಆರ್ ಸಂಖ್ಯೆಗೇ ಕಟ್ಟಿಬಿದ್ದಿದ್ದ ತೊಂದರೆಗೆ 2024ರಲ್ಲಿ ಡಿ-ಲಿಂಕ್ ಸೌಲಭ್ಯ ಬಂತು. ಬಾಡಿಗೆ ಮನೆಗಳಲ್ಲಿ ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವ ಬಡವರಿಗೆ ಇದು ನಿಜಕ್ಕೂ ಬೇಕಾಗಿದ್ದ ತಿದ್ದುಪಡಿ.

ಆದರೆ ಲೆಕ್ಕದ ತಳದಲ್ಲೇ ಒಂದು ಅನ್ಯಾಯ ಉಳಿದಿದೆ. ಹಿಂದೆ ಹೆಚ್ಚು ಬಳಸಿದವರಿಗೆ ಹೆಚ್ಚು ಉಚಿತ, ಕಡಿಮೆ ಬಳಸಿದವರಿಗೆ ಕಡಿಮೆ ಉಚಿತ. ಫ್ಯಾನ್ ಕೊಳ್ಳಲಾಗದೆ 30 ಯೂನಿಟ್‌ನಲ್ಲಿ ಬದುಕಿದ ಮಳವಳ್ಳಿಯ ಕೂಲಿಕಾರನ ಮನೆಗೆ ಈ ಲೆಕ್ಕದಲ್ಲಿ 33 ಯೂನಿಟ್, 150 ಯೂನಿಟ್ ಬಳಸುತ್ತಿದ್ದ ಸಂಬಳದಾರನ ಮನೆಗೆ 165. ಅಂದಿನ ಬಡತನವೇ ಇಂದಿನ ಅರ್ಹತೆಯ ಮಿತಿಯಾಯಿತು. ಸರ್ಕಾರಕ್ಕೆ ಇದು ಗೊತ್ತಾಗದೆ ಇರಲಿಲ್ಲ. 2024ರ ಜನವರಿಯಲ್ಲಿ ಸಚಿವ ಸಂಪುಟವು ಕಡಿಮೆ ಬಳಕೆಯವರಿಗೆ ಶೇಕಡಾ 10ರ ಬದಲು ನೇರವಾಗಿ 10 ಯೂನಿಟ್ ಸೇರಿಸಲು ಒಪ್ಪಿತು. 33 ಇದ್ದದ್ದು 40 ಆಯಿತು. ಅಂತರ ತಗ್ಗಿತು, ಅಳಿಯಲಿಲ್ಲ.

ಇನ್ನೊಂದು ತುದಿಯಲ್ಲಿ 200ರ ಕಡಿದಾದ ಅಂಚಿದೆ. 199 ಯೂನಿಟ್ ಅರ್ಹತೆಯ ಮನೆ 200 ಬಳಸಿದರೆ ಒಂದು ಯೂನಿಟ್ಟಿನ ದುಡ್ಡು. 201 ಬಳಸಿದರೆ, ಅದೇ 5.90ರ ದರದಲ್ಲಿ, ಸುಮಾರು 1,186 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ. ಮನೆಯಲ್ಲಿ ಬಾಣಂತಿಯೋ ಕಾಯಿಲೆಯವರೋ ಇದ್ದು ಬಿಸಿನೀರಿಗೆ ಹೀಟರ್ ಹಾಕಿದ ತಿಂಗಳು ಈ ಅಂಚು ದಾಟಿಬಿಡಬಹುದು. 2019ರ ಆಗಸ್ಟ್‌ನಿಂದ 200 ಯೂನಿಟ್ ಉಚಿತ ಮಾಡಿದ ದೆಹಲಿ, 201ರಿಂದ 400ರವರೆಗೆ ಅರ್ಧ ಸಬ್ಸಿಡಿ ಇಟ್ಟು, ಅದಕ್ಕೆ 800 ರೂಪಾಯಿಯ ಮಿತಿ ಹಾಕಿತು. ತಮಿಳುನಾಡು 2016ರಿಂದ ಎರಡು ತಿಂಗಳ ಬಿಲ್ಲಿನಲ್ಲಿ 100 ಯೂನಿಟ್ಟನ್ನು ಎಲ್ಲ ಮನೆಗಳಿಗೂ ಉಚಿತ ಮಾಡಿದೆ. ಅಲ್ಲಿ ಹಳೆಯ ಸರಾಸರಿಯ ಪ್ರಶ್ನೆಯೇ ಏಳುವುದಿಲ್ಲ. ಕರ್ನಾಟಕದ 200 ದೊಡ್ಡ ಸಂಖ್ಯೆ ನಿಜ. ಬಡವನ ಕಡೆಯಿಂದ ನೋಡಿದರೆ ತಮಿಳುನಾಡಿನ ಸರಳತೆ ಮತ್ತು ದೆಹಲಿಯ ಇಳಿಜಾರು ಎರಡೂ ಕಲಿಯಬೇಕಾದವು.

ಕಾಲದ ಸಡಿಲಿಕೆಯ ವಿಷಯಕ್ಕೆ ಬಂದರೆ, ಗೃಹಜ್ಯೋತಿಯ ಜೊತೆಗೇ ಒಂದು ಅಪರೂಪದ ಅವಕಾಶ ಬಂದಿತ್ತು. 2023ರ ಜೂನ್ 30ರವರೆಗಿನ ಹಳೆಯ ಬಾಕಿಯನ್ನು ಮೂರು ತಿಂಗಳೊಳಗೆ ತೀರಿಸಬೇಕು, ತೀರಿಸದಿದ್ದರೆ ಸಂಪರ್ಕ ಕಡಿತ. ಮೂರು ತಿಂಗಳು ಎಂದರೆ ಮೂರು ಸಂಬಳ. ಕಬ್ಬಿನವನಿಗೆ ಅದು ಅರ್ಧ ಬೆಳೆಯೂ ಅಲ್ಲ.

ಮಾಮೂಲಿ ತಿಂಗಳುಗಳಲ್ಲಿ ನಡೆಯುವುದು ಬೇರೆ. ತಡವಾದ ಮೊತ್ತಕ್ಕೆ ಆಯೋಗದ ದರಪಟ್ಟಿಯ ಪ್ರಕಾರ ತಿಂಗಳಿಗೆ ಶೇಕಡಾ 1ರ ಬಡ್ಡಿ. 600 ರೂಪಾಯಿ ಬಾಕಿಗೆ ತಿಂಗಳಿಗೆ 6 ರೂಪಾಯಿ. ಊರಿನ ಕೈಸಾಲದ ಬಡ್ಡಿಯ ಮುಂದೆ ಇದು ಹಗುರ. ಹೆದರಿಕೆ ಇರುವುದು ಬಡ್ಡಿಗಲ್ಲ, ಲೈನ್‌ಮ್ಯಾನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುವುದಕ್ಕೆ. ಹೋದ ಫ್ಯೂಸ್ ಮತ್ತೆ ಬರಬೇಕಾದರೆ ಬಾಕಿಯ ಜೊತೆಗೆ ಮರುಸಂಪರ್ಕದ ಶುಲ್ಕವೂ ಬೇಕು. ಈ ಭಯದಿಂದಲೇ ಎಷ್ಟೋ ಮನೆಗಳು ಶೇಕಡಾ 1ರ ಬಾಕಿ ತೀರಿಸಲು ಶೇಕಡಾ 3, 5ರ ಕೈಸಾಲ ಮಾಡುತ್ತವೆ. ಇದೊಂದೇ ಸಂಗತಿ ಸಾಕು, ಗಡುವಿನ ಸಡಿಲಿಕೆ ಏಕೆ ಬೇಕು ಎಂದು ತಿಳಿಯಲು.

ಫ್ಯೂಸ್ ಕೀಳುವುದಕ್ಕೂ ಕಾನೂನಿನ ಕಟ್ಟಳೆ ಇದೆ, ಅದನ್ನು ತಿಳಿದವರು ಕಡಿಮೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನ ಪ್ರಕಾರ, ಬಾಕಿಯ ಕಾರಣಕ್ಕೆ ಸಂಪರ್ಕ ಕಡಿಯಬೇಕಾದರೆ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲು ತಪ್ಪು ಎಂದು ತಕರಾರಿದ್ದರೆ ಗ್ರಾಹಕ ಎರಡರಲ್ಲಿ ಒಂದನ್ನು ಪ್ರತಿಭಟನೆಯೊಂದಿಗೆ ಕಟ್ಟಿ ಸಂಪರ್ಕ ಉಳಿಸಿಕೊಳ್ಳಬಹುದು: ಕೇಳಿದ ಮೊತ್ತ, ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕ, ಯಾವುದು ಕಡಿಮೆಯೋ ಅದು. ಮೀಟರ್ ಓದುವಾಗ ಸೊನ್ನೆಯೊಂದು ಹೆಚ್ಚಾಗಿ 5,000 ರೂಪಾಯಿ ಬಿಲ್ಲು ಬಂದ ಮನೆಗೆ ಇದು ದೊಡ್ಡ ಆಸರೆ. ಬಾಕಿ ಮೊದಲು ಕೊಡಬೇಕಾಗಿ ಬಂದ ದಿನದಿಂದ ಎರಡು ವರ್ಷ ಕಳೆದಿದ್ದು, ಆ ನಡುವೆ ಬಿಲ್ಲಿನಲ್ಲಿ ಅದನ್ನು ನಿರಂತರವಾಗಿ ತೋರಿಸದೆ ಇದ್ದರೆ, ಅದಕ್ಕಾಗಿ ಫ್ಯೂಸ್ ಕೀಳುವಂತಿಲ್ಲ. ಆದರೆ ಬಾಕಿ ಕೊಡಬೇಕಾದದ್ದು ಆಗುವುದು ಬಿಲ್ಲು ಕೊಟ್ಟ ಮೇಲೆಯೇ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ರಾಜಸ್ಥಾನದ ಅಜ್ಮೀರ್ ವಿದ್ಯುತ್ ನಿಗಮದ ಪ್ರಕರಣವೊಂದರಲ್ಲಿ ವಿವರಿಸಿದೆ. ಹಾಗಾಗಿ ಹಳೆಯ ತಪ್ಪನ್ನು ತಡವಾಗಿ ಕಂಡುಹಿಡಿದು ಕಳಿಸಿದ ಬಿಲ್ಲನ್ನು ಈ ಕಲಮು ಸುಲಭವಾಗಿ ತಡೆಯದು.

ದೂರಿಗೆ 1912 ಸಹಾಯವಾಣಿ ಇದೆ, ಉಪವಿಭಾಗಗಳಲ್ಲಿ ನಡೆಯುವ ಜನಸಂಪರ್ಕ ಸಭೆ ಇದೆ, ಅದರ ಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಕೊನೆಗೆ ವಿದ್ಯುತ್ ಒಂಬುಡ್ಸ್‌ಮನ್. ಜನಸಂಪರ್ಕ ಸಭೆಯಲ್ಲಿ ಹೆಚ್ಚು ಕೇಳಿಬರುವುದು ಟ್ರಾನ್ಸ್‌ಫಾರ್ಮರ್, ಕಂಬ, ತ್ರೀಫೇಸ್‌ನ ಹೊತ್ತು. 'ನನ್ನ ಬಾಕಿಯನ್ನು ನಾಲ್ಕು ಕಂತು ಮಾಡಿಕೊಡಿ' ಎಂದು ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳುವುದು ಯಾರಿಗೂ ಸುಲಭವಲ್ಲ. ಕಂತು ಸಿಗುವುದಾದರೆ ಕಚೇರಿಗೆ ಹೋಗಿ ಬೇಡಿಕೊಂಡವರಿಗೆ, ಅಥವಾ ಜೊತೆಗೆ ಒಬ್ಬ ಮುಖಂಡನನ್ನು ಕರೆದುಕೊಂಡು ಹೋದವರಿಗೆ. ಗಂಡನಿಲ್ಲದ, ಓದು ಬಾರದ ಹೆಂಗಸಿಗೆ ಅದೇ ಕಂತು ಸಿಗುತ್ತದೆಂಬ ಭರವಸೆಯಿಲ್ಲ. ಬರೆದ ನಿಯಮ ಬೇಕಾದದ್ದು ಇಂಥವರಿಗೆ.

ಅಂಥ ನಿಯಮ ಅಸಾಧ್ಯವೇನಲ್ಲ ಎಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. 2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಕಟಿಸಿದ 1,610 ಕೋಟಿ ರೂಪಾಯಿಯ ಪರಿಹಾರದ ಜೊತೆಗೆ ವಿದ್ಯುತ್ ಗ್ರಾಹಕರಿಗೂ ಕೆಲವು ಅನುಕೂಲಗಳು ಬಂದವು. ಸಣ್ಣ ಉದ್ದಿಮೆಗಳಿಗೆ ಎರಡು ತಿಂಗಳ ನಿಗದಿತ ಶುಲ್ಕ ಮನ್ನಾ ಆಯಿತು. ತಡವಾದ ಪಾವತಿಯ ಬಡ್ಡಿ ಇಳಿಯಿತು, ಬಾಕಿಗೆ ಕಂತಿನ ಅವಕಾಶ ಸಿಕ್ಕಿತು, ಜೂನ್ 30ರವರೆಗೆ ಬಾಕಿಗಾಗಿ ಸಂಪರ್ಕ ಕಡಿಯಬಾರದು ಎಂದಾಯಿತು. ಕೆಲವೇ ವಾರಗಳ ಮಟ್ಟಿಗೆ, ಕೇಳದೆಯೇ ಸಿಗುವ ಸಡಿಲಿಕೆ ರಾಜ್ಯದಲ್ಲಿತ್ತು. ಮಳೆ ಕೈಕೊಟ್ಟ ವರ್ಷ, ನಾಲೆಗೆ ನೀರು ಬಿಡದ ವರ್ಷ, ಕಾರ್ಖಾನೆ ಕಬ್ಬಿನ ಹಣ ಉಳಿಸಿಕೊಂಡ ವರ್ಷ ಮಂಡ್ಯದ ಮನೆಗಳಿಗೆ ಲಾಕ್‌ಡೌನಿಗಿಂತ ಹಗುರವಾದ ಕಾಲವಲ್ಲ. ಆದರೂ ಆ ವರ್ಷಗಳಿಗೆ ಅಂಥ ಆದೇಶವೊಂದು ಸಿದ್ಧವಾಗಿ ಕಾದಿರುವುದಿಲ್ಲ.

ಸಡಿಲಿಕೆಯ ಖರ್ಚು ಹೊರುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಮು, ಸರ್ಕಾರ ರಿಯಾಯಿತಿ ಕೊಡುವುದಾದರೆ ಅದರ ಹಣವನ್ನು ವಿತರಣಾ ಕಂಪನಿಗೆ ಮುಂಗಡವಾಗಿ ತುಂಬಬೇಕು ಎನ್ನುತ್ತದೆ. ಸೆಸ್ಕ್‌ನಂಥ ಕಂಪನಿಯೂ ವಿದ್ಯುತ್ತನ್ನು ಕೊಂಡು ಮಾರುವ ಸಂಸ್ಥೆ. ಅದರ ಪುಸ್ತಕದಲ್ಲಿ ಬಡ ಮನೆಗಳ ಬಾಕಿಯ ಪಕ್ಕದಲ್ಲೇ ಗ್ರಾಮ ಪಂಚಾಯಿತಿಗಳ ಬೀದಿದೀಪ ಮತ್ತು ಕುಡಿಯುವ ನೀರಿನ ಪಂಪುಗಳ ಬಾಕಿಯೂ ಇದೆ. ಒಂದು ಮನೆಯ ಬಾಕಿಗೆ ಫ್ಯೂಸ್ ಕಿತ್ತರೆ ಒಂದೇ ಮನೆ ಕತ್ತಲು, ಪಂಚಾಯಿತಿಯ ಬಾಕಿಗೆ ಕಿತ್ತರೆ ಊರಿಡೀ ನೀರಿಲ್ಲ. ಅದಕ್ಕೇ ಪಂಚಾಯಿತಿಗೆ ವರ್ಷಗಟ್ಟಲೆ ಕಾಯುವ ವ್ಯವಸ್ಥೆ, ಮನೆಗೆ ಕಾಯುವುದಿಲ್ಲ.

ನೀರಿನ ವಿಷಯದಲ್ಲೂ ಮಳವಳ್ಳಿಯ ಪಾತ್ರ ವಿಚಿತ್ರವಾಗಿ ವಿದ್ಯುತ್ತಿನದನ್ನೇ ಹೋಲುತ್ತದೆ. ಬೆಂಗಳೂರಿಗೆ ಕಾವೇರಿ ನೀರನ್ನು ಶುದ್ಧೀಕರಿಸಿ ಪಂಪ್ ಮಾಡುವ ತೊರೆಕಾಡನಹಳ್ಳಿ, ಅಂದರೆ ಟಿ.ಕೆ. ಹಳ್ಳಿ, ಈ ತಾಲ್ಲೂಕಿನಲ್ಲಿದೆ. ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೇ ಹಂತ 2024ರ ಅಕ್ಟೋಬರ್ 16ರಂದು ಅಲ್ಲೇ ಉದ್ಘಾಟನೆಯಾಯಿತು. ಆ ನೀರಿಗೆ ಹೊಸ ಸಂಪರ್ಕ ಪಡೆಯುವ ಬೆಂಗಳೂರಿನ ಮನೆಗಳಿಗೆ ಜಲಮಂಡಳಿ 2025ರಲ್ಲಿ 'ಸರಳ ಕಾವೇರಿ' ಎಂಬ ಹೆಸರಿನಲ್ಲಿ, ಒಂದು ಭಾಗ ಮೊದಲು ಕಟ್ಟಿ ಉಳಿದದ್ದನ್ನು ಮಾಸಿಕ ಕಂತುಗಳಲ್ಲಿ ತೀರಿಸುವ ಅವಕಾಶ ಕೊಟ್ಟಿತು. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ನಲ್ಲಿ ಬಂದದ್ದು 2019ರ ಜಲ ಜೀವನ್ ಮಿಷನ್‌ನಿಂದ, ರಾಜ್ಯದಲ್ಲಿ ಅದರ ಹೆಸರು 'ಮನೆ ಮನೆಗೆ ಗಂಗೆ'. ತಲಾ ದಿನಕ್ಕೆ 55 ಲೀಟರ್ ಅದರ ಗುರಿ. ಕರ ವಸೂಲಿ ಗ್ರಾಮ ಪಂಚಾಯಿತಿಯದು. ಅಲ್ಲಿ ನೀರಗಂಟಿಯೂ ಬಿಲ್ ಕಲೆಕ್ಟರೂ ಊರಿನವರೇ ಆದ್ದರಿಂದ ಸುಗ್ಗಿ ಮುಗಿದ ಮೇಲೆ ವರ್ಷದ ನೀರುಗಂದಾಯವನ್ನು ಒಟ್ಟಿಗೆ ಕಟ್ಟುವ ರೂಢಿ ನಡೆದುಕೊಂಡು ಬಂದಿದೆ. ಆದಾಯದ ಕಾಲಕ್ಕೆ ಬಿಲ್ಲನ್ನು ಹೊಂದಿಸುವ ಈ ರೂಢಿಯನ್ನು ವಿದ್ಯುತ್ ನಿಗಮ ತನ್ನ ನಿಯಮವಾಗಿ ಬರೆದುಕೊಂಡರೆ ಯಾರಿಗೂ ದೊಡ್ಡ ನಷ್ಟವಿಲ್ಲ.

ಹೊರಗಿನ ಜಗತ್ತು ಬಡವರ ಬಿಲ್ಲಿನ ಸಮಸ್ಯೆಯನ್ನು ಬೇರೆ ಬೇರೆ ದಾರಿಯಲ್ಲಿ ಎದುರಿಸಿದೆ. ಫ್ರಾನ್ಸಿನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಚಳಿಗಾಲ ಮುಗಿಯುವ ತನಕ, ಬಾಕಿಗಾಗಿ ಮನೆಯ ವಿದ್ಯುತ್ ಪೂರ್ತಿ ಕಡಿಯುವಂತಿಲ್ಲ. ಅಮೆರಿಕದಲ್ಲಿ 1981ರಿಂದ ಬಡ ಕುಟುಂಬಗಳ ಇಂಧನ ಬಿಲ್ಲಿಗೆ ಒಕ್ಕೂಟ ಸರ್ಕಾರದ ನೆರವಿದೆ. ಒಹಾಯೊ ರಾಜ್ಯದಲ್ಲಿ ಬಿಲ್ಲು ಎಷ್ಟೇ ಇರಲಿ, ಅರ್ಹ ಕುಟುಂಬ ತನ್ನ ಆದಾಯದ ನಿಗದಿತ ಶೇಕಡಾವಾರನ್ನು ಮಾತ್ರ ತಿಂಗಳು ತಿಂಗಳು ಕಟ್ಟುವ ಪದ್ಧತಿ ಇದೆ. ಫ್ರಾನ್ಸ್ ಚಳಿಗಾಲಕ್ಕೆ ಮಾಡಿದ್ದನ್ನು ಮಂಡ್ಯದಲ್ಲಿ ಕಟಾವಿನ ಮುಂಚಿನ ತಿಂಗಳುಗಳಿಗೆ ಮಾಡಬಹುದು. ಯಾವ ತಿಂಗಳು ಕೈ ಬರಿದು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಮುಂದೆ ಬರುತ್ತಿರುವುದು ಸ್ಮಾರ್ಟ್ ಮೀಟರ್. 2025ರಿಂದ ರಾಜ್ಯದಲ್ಲಿ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡುವ ಕೆಲಸ ಶುರುವಾಗಿದೆ. ಮೀಟರಿನ ಬೆಲೆ ಹೆಚ್ಚೆಂಬ ತಕರಾರೂ ಎದ್ದಿದೆ. ಪ್ರೀಪೇಯ್ಡ್ ಮಾದರಿಯಲ್ಲಿ ಮೊಬೈಲ್ ಕರೆನ್ಸಿಯಂತೆ 50, 100 ರೂಪಾಯಿ ಹಾಕಿಕೊಂಡು ವಿದ್ಯುತ್ ಬಳಸಬಹುದು. ದಿನಗೂಲಿಯವರಿಗೆ ಇದು ಒಂದು ಲೆಕ್ಕದಲ್ಲಿ ಅನುಕೂಲ, ಬಾಕಿ ಬೆಳೆಯುವುದಿಲ್ಲ. ಆದರೆ ಹಣ ಮುಗಿದ ಕ್ಷಣ ಬೆಳಕೂ ಹೋಗುತ್ತದೆ. ಬ್ರಿಟನ್ನಿನಲ್ಲಿ ಬಾಕಿದಾರರ ಮನೆಗಳಿಗೆ ಒತ್ತಾಯದಿಂದ ಪ್ರೀಪೇಯ್ಡ್ ಮೀಟರ್ ಹಾಕುತ್ತಿದ್ದುದು 2023ರ ಫೆಬ್ರವರಿಯಲ್ಲಿ ದೊಡ್ಡ ವಿವಾದವಾಗಿ, ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಅದನ್ನು ನಿಲ್ಲಿಸಲು ಹೇಳಬೇಕಾಯಿತು. ಕಾಯಿಲೆಯವರು, ಹಸುಗೂಸು ಇದ್ದವರು ಚಳಿಯಲ್ಲಿ, ಕತ್ತಲಲ್ಲಿ ಉಳಿಯುವಂತಾದದ್ದು ಅಲ್ಲಿನ ಕೂಗಿಗೆ ಒಂದು ಕಾರಣ. ಕರ್ನಾಟಕದ ಆಯೋಗ ಮನೆಗಳಿಗೆ ಪ್ರೀಪೇಯ್ಡ್ ನಿಯಮ ಬರೆಯುವ ದಿನ ಬಂದರೆ, 56ನೇ ಕಲಮಿನ 15 ದಿನಗಳ ನೋಟಿಸ್ ಆ ಮೀಟರಿನೊಳಗೆ ಹೇಗೆ ಉಳಿಯುತ್ತದೆ, ಗೃಹಜ್ಯೋತಿಯ ಉಚಿತ ಯೂನಿಟ್ಟುಗಳು ತಿಂಗಳ ಮೊದಲ ದಿನವೇ ಜಮೆಯಾಗುತ್ತವೆಯೇ, ರಾತ್ರಿ ಹೊತ್ತು ಹಣ ಮುಗಿದರೆ ಬೆಳಗಿನವರೆಗೆ ಸಾಲದ ಯೂನಿಟ್ ಸಿಗುತ್ತದೆಯೇ ಎಂಬುದನ್ನು ಮೊದಲೇ ಬರೆದಿಡಬೇಕಾಗುತ್ತದೆ. ದರ ಪರಿಷ್ಕರಣೆಗೆ ಮುಂಚೆ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಯಾವ ಗ್ರಾಹಕನೂ ಆಕ್ಷೇಪಣೆ ಸಲ್ಲಿಸಿ ಮಾತಾಡಬಹುದು. ಸೆಸ್ಕ್ ಗ್ರಾಹಕರಿಗಾಗಿ ಆ ವಿಚಾರಣೆ ಮೈಸೂರಿನಲ್ಲಿ ನಡೆಯುತ್ತದೆ, ಮಂಡ್ಯದಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ.